ಉಬ್ಬುಗೆರೆಯ ಅಧ್ಯಾರೋಪ

ನಿಜವಾದ ವಿಮಾನದ ಪ್ರತಿಯೊಂದು ಉದ್ದಗಲವನ್ನೂ 48ರಲ್ಲಿ ಒಂದು ಪಾಲಿಗೋ 72ರಲ್ಲಿ ಒಂದು ಪಾಲಿಗೋ ಇಳಿಸಿ ತಯಾರಿಸಿದ ಪ್ಲಾಸ್ಟಿಕ್ ಮಾದರಿಯು ತನ್ನ ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿರಬಲ್ಲದು ಎಂಬ ಪ್ರಶ್ನೆಯು ಆ ಮಾದರಿಯ ಮೈಮೇಲಿನ ಗೆರೆಗಳಲ್ಲಿ ಎದುರಾಗುವಷ್ಟು ತೀಕ್ಷ್ಣವಾಗಿ ಬೇರೆಲ್ಲಿಯೂ ಎದುರಾಗುವುದಿಲ್ಲ. ವಿಮಾನದ ಹೊರಮೈಯು ಸಾಮಾನ್ಯವಾಗಿ ಅಲ್ಯೂಮಿನಿಯಂ ತಗಡುಗಳಿಂದಾದುದು. ಒಂದು ತಗಡು ಇನ್ನೊಂದನ್ನು ಕೂಡುವ ಸಂದುಗಳನ್ನು ಮಾದರಿಯಲ್ಲಿ ಗೆರೆಗಳಾಗಿ ತೋರಿಸುವುದು ರೂಢಿ. 1960 ಮತ್ತು 1970ರ ದಶಕಗಳ ಬಹುಪಾಲು ಮಾದರಿಗಳಲ್ಲಿ ಈ ಗೆರೆಗಳು ಮೇಲ್ಮೈಯಿಂದ ಉಬ್ಬಿ ನಿಂತಿರುತ್ತವೆ, ಮತ್ತು ಅವುಗಳನ್ನು ಉಜ್ಜಿ ಅಳಿಸಿ ಅದೇ ಜಾಗದಲ್ಲಿ ತಗ್ಗುಗೆರೆಗಳನ್ನು ಕೊರೆಯುವುದು ಮಾದರಿ ಕಟ್ಟುವವರು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಕೆಲಸ.

ಗೆರೆಗಳು ಉಬ್ಬಿದ್ದುದಕ್ಕೆ ವಿಮಾನ ಕಾರಣವಲ್ಲ, ಅಚ್ಚು ಕಾರಣ. ಕರಗಿದ ಪಾಲಿಸ್ಟೈರೀನನ್ನು ಒತ್ತಡದಿಂದ ತುಂಬುವ ಉಕ್ಕಿನ ಅಚ್ಚಿನಲ್ಲಿ ಕುಶಲಕರ್ಮಿಯು ಒಂದು ಗೀರು ಎಳೆದರೆ ಪ್ಲಾಸ್ಟಿಕ್ಕಿನ ಮೇಲೆ ಅದು ಉಬ್ಬಾಗಿ ಮೂಡುತ್ತದೆ. ಪ್ಲಾಸ್ಟಿಕ್ಕಿನಲ್ಲಿ ತಗ್ಗು ಬೇಕೆಂದರೆ ಅಚ್ಚಿನಲ್ಲಿ ಗೆರೆಯಷ್ಟನ್ನೇ ಉಳಿಸಿ ಸುತ್ತಲಿನ ಉಕ್ಕನ್ನೆಲ್ಲ ಕಳೆಯಬೇಕಾಗುತ್ತದೆ. ಸುಲಭವಾದದ್ದು ಮೊದಲನೆಯದು. ಹೀಗಾಗಿ ಉಬ್ಬುಗೆರೆಯು ವಸ್ತುವಿನ ಧರ್ಮವಲ್ಲ, ಉಪಕರಣದ ಧರ್ಮ. ಅದು ವಸ್ತುವಿನ ಮೇಲೆ ಆರೋಪಿತವಾಗಿದೆ. ಆ ಆರೋಪದ ಗಾತ್ರವನ್ನು ಲೆಕ್ಕ ಹಾಕಿದರೆ ಬೆರಗಾಗುತ್ತದೆ: 1/72 ಅಳತೆಯಲ್ಲಿ 0.1 ಮಿಲಿಮೀಟರ್ ಎತ್ತರದ ಉಬ್ಬು ನಿಜವಾದ ವಿಮಾನದಲ್ಲಿ 7.2 ಮಿಲಿಮೀಟರಿನ ದಿಣ್ಣೆಯಾಗುತ್ತದೆ, ಅಂಥ ದಿಣ್ಣೆಗಳು ಮೈತುಂಬ ಇರುವ ಯುದ್ಧವಿಮಾನವನ್ನು ಯಾವ ಎಂಜಿನಿಯರನೂ ಒಪ್ಪಲಾರ.

ಆದರೂ ಈ ತಪ್ಪುಗೆರೆಯಿಂದ ಒಂದು ಉಪಕಾರವಿದೆ. ಸಂದು ಎಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳುವುದು ಅದೇ. ಆದ್ದರಿಂದ ನುರಿತವರು ಅದನ್ನು ಮೊದಲೇ ಅಳಿಸುವುದಿಲ್ಲ. ಅದರ ಪಕ್ಕಕ್ಕೆ ಗಟ್ಟಿಯಾದ ಅಂಟುಪಟ್ಟಿಯನ್ನು ಹಚ್ಚಿ, ಪಟ್ಟಿಯ ಅಂಚಿಗೆ ಕೊರೆಯುವ ಸೂಜಿಯನ್ನು ತಾಗಿಸಿ, ಒತ್ತದೆ ಹಗುರವಾಗಿ ಹಲವು ಸಲ ಎಳೆದು ತಗ್ಗುಗೆರೆಯನ್ನು ಮೂಡಿಸಿಕೊಂಡ ಬಳಿಕ, ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ, 400 ಗ್ರಿಟ್‌ನಿಂದ ಆರಂಭಿಸಿ 1000 ಗ್ರಿಟ್‌ಗೂ ಮೀರಿದ ನಯವಾದ ಕಾಗದದವರೆಗೆ, ಉಬ್ಬನ್ನು ಉಜ್ಜಿ ತೆಗೆಯುತ್ತಾರೆ. ದಾರಿ ತೋರಿಸಿದ ಗೆರೆಯು ದಾರಿ ತೋರಿಸಿದ ಮೇಲೆ ಇಲ್ಲವಾಗುತ್ತದೆ.

ಈ ಕ್ರಮಕ್ಕೆ ಅದ್ವೈತ ವೇದಾಂತದಲ್ಲಿ ಅಧ್ಯಾರೋಪ-ಅಪವಾದ ಎಂಬ ಹೆಸರಿದೆ: ಇಲ್ಲದ ಧರ್ಮವೊಂದನ್ನು ಬೋಧನೆಗಾಗಿ ವಸ್ತುವಿನ ಮೇಲೆ ಹೊರಿಸುವುದು ಅಧ್ಯಾರೋಪ, ತಿಳಿವಳಿಕೆ ಹುಟ್ಟಿದ ಮೇಲೆ ಅದನ್ನು ನಿರಾಕರಿಸುವುದು ಅಪವಾದ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880–1975) ಶಂಕರರ ವೇದಾಂತಕ್ಕೆ ಮೂಲವಾದ ಪ್ರಕ್ರಿಯೆ ಇದೇ ಎಂದು ಕನ್ನಡ, ಸಂಸ್ಕೃತ ಎರಡರಲ್ಲೂ ಪ್ರತಿಪಾದಿಸಿದರು. ಶಂಕರರು ಬೃಹದಾರಣ್ಯಕ ಭಾಷ್ಯದಲ್ಲಿ ಇದಕ್ಕೆ ಕೊಡುವ ದೃಷ್ಟಾಂತ ಗೆರೆಯದ್ದೇ ಆಗಿರುವುದು ಇಲ್ಲಿ ಗಮನಾರ್ಹ: ಸಂಖ್ಯೆಯನ್ನು ಕಲಿಸುವವನು ಗೆರೆಗಳನ್ನೆಳೆದು ಇದು ಒಂದು, ಇದು ಹತ್ತು, ಇದು ನೂರು ಎನ್ನುತ್ತಾನೆ, ಅವನು ಸಂಖ್ಯೆಯ ಸ್ವರೂಪವನ್ನು ತಿಳಿಸುತ್ತಾನೆಯೇ ಹೊರತು ಸಂಖ್ಯೆಯೇ ಗೆರೆಯೆಂದು ಹೇಳುವುದಿಲ್ಲ. ಓಲೆಯ ಮೇಲೆ ಮಸಿಯಿಂದ ಅಕ್ಷರ ಬರೆದು ಕಲಿಸುವುದೂ ಹಾಗೆಯೇ ಎಂದು ಅವರು ಮುಂದುವರಿಸುತ್ತಾರೆ.

ಹೋಲಿಕೆಗೆ ಮಿತಿಯಿದೆ, ಮತ್ತು ನಿಜವಾದ ಪ್ರಶ್ನೆ ಹುಟ್ಟುವುದು ಆ ಮಿತಿಯಲ್ಲಿಯೇ. ವೇದಾಂತದಲ್ಲಿ ಅಪವಾದದ ನಂತರ ಹೊಸ ಗುಣವನ್ನು ಯಾರೂ ಹೊರಿಸುವುದಿಲ್ಲ, ಮಾದರಿಯ ಮೇಲಾದರೋ ಉಬ್ಬುಗೆರೆ ಹೋದಲ್ಲಿ ತಗ್ಗುಗೆರೆ ಉಳಿಯುತ್ತದೆ. ಈ ತಗ್ಗುಗೆರೆ ಸತ್ಯವೇ? ನಿಜವಾದ ವಿಮಾನದಲ್ಲಿ 2 ಮಿಲಿಮೀಟರ್ ಅಗಲವಿರುವ ಸಂದನ್ನು 72ರಿಂದ ಭಾಗಿಸಿದರೆ ಸುಮಾರು 0.03 ಮಿಲಿಮೀಟರ್ ಉಳಿಯುತ್ತದೆ; ಕೈಯಿಂದ ಕೊರೆದ ಗೆರೆ ಅದರ ಹಲವು ಪಟ್ಟು ಅಗಲವಾಗಿರುತ್ತದೆ, ಅದರೊಳಗೆ ಕಪ್ಪು ಬಣ್ಣದ ತೆಳುದ್ರಾವಣವನ್ನು ಹರಿಸಿದಾಗ ಇನ್ನಷ್ಟು ಎದ್ದು ಕಾಣುತ್ತದೆ. ಅದೂ ಅಧ್ಯಾರೋಪವೇ, ಸಂದಿನ ದಿಕ್ಕನ್ನು ಸರಿಯಾಗಿ ಇಟ್ಟುಕೊಂಡ ಅಧ್ಯಾರೋಪ ಎಂಬುದಷ್ಟೇ ಅದರ ಹೆಚ್ಚುಗಾರಿಕೆ. ತಗ್ಗುಗೆರೆಯನ್ನು ಸತ್ಯವೆಂದೂ ಉಬ್ಬುಗೆರೆಯನ್ನು ಅಜ್ಞಾನವೆಂದೂ ಭಾವಿಸುವವನು ಗೆರೆಯನ್ನೇ ಸಂಖ್ಯೆಯೆಂದು ಹಿಡಿದ ವಿದ್ಯಾರ್ಥಿಯ ಸ್ಥಿತಿಯಲ್ಲಿಯೇ ಇದ್ದಾನೆ.

ಆದ್ದರಿಂದ ಯಾವ ಗೆರೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ರೂಢಿಯಾಗಲಿ ಅಭಿರುಚಿಯಾಗಲಿ ನಿರ್ಣಯಿಸಲಾಗದು. ಮೂಲ ವಸ್ತುವೇ ನಿರ್ಣಯಿಸಬೇಕು. ಜರ್ಮನಿಯ ಯುಂಕರ್ಸ್ ಯು-52 ಸಾರಿಗೆ ವಿಮಾನದ ತಗಡು ಸುಕ್ಕುಸುಕ್ಕಾಗಿ ಮಡಿಸಿದ್ದು, ಅದರ ಮಾದರಿಯಲ್ಲಿರುವ ಉಬ್ಬುಗಳು ವಿಮಾನದ ಸ್ವಂತ ಗುಣ. ಅವುಗಳನ್ನು ಅಳಿಸುವುದೇ ಅಪಚಾರ. ಅಮೆರಿಕದ ಪಿ-51 ಮಸ್ಟ್ಯಾಂಗ್‌ನ ಸಂಗತಿ ಇದಕ್ಕೆ ತದ್ವಿರುದ್ಧ. ಅದರ ರೆಕ್ಕೆಯ ಆಕಾರವು ಗಾಳಿಯು ಕದಡದೆ ಪದರಪದರವಾಗಿ ಹರಿಯಬೇಕೆಂಬ ತತ್ತ್ವದ ಮೇಲೆ ನಿಂತಿತ್ತು; ಸಣ್ಣ ಏರುಪೇರಿನಿಂದಲೂ ಆ ಹರಿವು ಕೆಡುವುದರಿಂದ ಕಾರ್ಖಾನೆಯಲ್ಲಿಯೇ ರೆಕ್ಕೆಯ ಮುಂಭಾಗದ ಸಂದುಗಳಿಗೂ ರಿವೆಟ್ ತಲೆಗಳಿಗೂ ಪುಟ್ಟಿ ತುಂಬಿ, ನಯವಾಗಿ ಉಜ್ಜಿ, ಮೇಲೆ ಬಣ್ಣ ಬಳಿಯುತ್ತಿದ್ದರು. ಮಾದರಿಯ ಆ ಭಾಗದಲ್ಲಿ ಕಾಣುವ ಸಂದು ಮೂಲದಲ್ಲಿ ಕಾಣುವುದೇ ಇಲ್ಲ. ಮಸ್ಟ್ಯಾಂಗ್‌ನ ಮಾದರಿಯನ್ನು ಕಟ್ಟುವವರು ಪುಟ್ಟಿ ತುಂಬಿದ ಆ ಸಂದುಗಳ ಉಬ್ಬುಗೆರೆಗಳನ್ನು ಪೂರ್ತಿಯಾಗಿ ಉಜ್ಜಿ ತೆಗೆಯಬೇಕು, ಮತ್ತು ಅವುಗಳ ಜಾಗದಲ್ಲಿ ಗೆರೆಯನ್ನು ಮರಳಿ ಕೊರೆಯಬಾರದು.