ಪ್ರಾಣವಾಯುವಿನ ಅಳತೆ

ರೋಗಿಗೆ ಕೊಡುವ ಆಮ್ಲಜನಕವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಅಳೆಯುತ್ತಾರೆ. ಅನ್ನ, ಔಷಧಗಳನ್ನು ಅಳೆದು ಕೊಟ್ಟರೆ ಯಾರಿಗೂ ತೊಡಕಿಲ್ಲ. ಉಸಿರನ್ನು ಅಳೆಯುವಾಗ ಮಾತ್ರ ಮನಸ್ಸು ಹಿಂಜರಿಯುತ್ತದೆ. ಉಸಿರೇ ಜೀವವಾದರೆ ಹೆಚ್ಚು ಕೊಟ್ಟಷ್ಟೂ ಒಳಿತಲ್ಲವೆ, ಅದಕ್ಕೆ ಮಿತಿ ಹಾಕುವುದು ದಯೆಗೆ ವಿರುದ್ಧವಲ್ಲವೆ ಎಂಬುದು ಹಳೆಯ ಧರ್ಮಪ್ರಶ್ನೆಯ ಹೊಸ ರೂಪ.

ಮೂಡಲಗಿ ತಾಲ್ಲೂಕಿನ ಕುಲಗೋಡದಂಥ ಊರುಗಳಲ್ಲಿ ಈ ಪ್ರಶ್ನೆ ಗ್ರಂಥಕ್ಕಿಂತ ಮೊದಲು ಮನೆಯಲ್ಲಿ ಎದುರಾಗುತ್ತದೆ. ಒಲೆಯ ಹೊಗೆಯಿಂದಲೋ ಬೀಡಿಯಿಂದಲೋ ಶ್ವಾಸಕೋಶ ಕೆಟ್ಟು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸರೋಗಕ್ಕೆ ತುತ್ತಾದ ಹಿರಿಯರು ಆಸ್ಪತ್ರೆಯಿಂದ ಮರಳುವಾಗ ಕೆಲವೊಮ್ಮೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಕಾನ್ಸಂಟ್ರೇಟರ್ ಯಂತ್ರವೂ ಜೊತೆಗೆ ಬರುತ್ತದೆ. ರಾತ್ರಿ ಮುತ್ಯಾನಿಗೆ ದಮ್ಮು ಹತ್ತಿದರೆ ಮನೆಯವರ ಕೈ ತಾನಾಗಿ ಗುಂಡಿಯತ್ತ ಹೋಗುತ್ತದೆ. 2 ಲೀಟರ್ ಇದ್ದದ್ದು 5 ಆಗುತ್ತದೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಶೇ. 98 ಎಂದು ತೋರಿಸಿದಾಗ ಎಲ್ಲರಿಗೂ ನಿರಾಳ. ಅಪಾಯ ಇರುವುದು ಅಲ್ಲಿಯೇ. ಇಂಥ ರೋಗಿಗಳಲ್ಲಿ ಕೆಲವರಿಗೆ ಅತಿ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುತ್ತದೆ: ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಎಚ್ಚರ ತಪ್ಪುವುದು. ಆಕ್ಸಿಮೀಟರಿಗೆ ಇದಾವುದೂ ಕಾಣದು. ಮಂಪರನ್ನು ಸುಖನಿದ್ದೆ ಎಂದು ಮನೆಯವರು ತಿಳಿದರೆ ಅವರನ್ನು ದೂರುವಂತಿಲ್ಲ.

ಆದ್ದರಿಂದಲೇ ಸಾಮಾನ್ಯ ರೋಗಿಗೆ ಆಕ್ಸಿಮೀಟರಿನಲ್ಲಿ ಶೇ. 94ರಿಂದ 98ರ ಗುರಿಯಿದ್ದರೆ ಈ ಅಪಾಯವುಳ್ಳವರಿಗೆ ಶೇ. 88ರಿಂದ 92 ಸಾಕು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1ರಿಂದ 6 ಲೀಟರ್ ಹರಿಸಿದರೆ ಒಳಹೋಗುವ ಗಾಳಿಯಲ್ಲಿ ಅದು ಸುಮಾರು ಶೇ. 24ರಿಂದ 44ಕ್ಕೆ ಏರುತ್ತದೆ. ಸಾದಾ ಮಾಸ್ಕಿಗೆ ಕನಿಷ್ಠ 5 ಲೀಟರ್ ಬೇಕು. ಕಡಿಮೆಯಾದರೆ ಬಿಟ್ಟ ಉಸಿರೇ ಮತ್ತೆ ಒಳಸೇರುತ್ತದೆ. ಚೀಲವಿರುವ ಮಾಸ್ಕಿಗೆ 10ರಿಂದ 15. ಈ ಅಂಕಿಗಳನ್ನು ಗೊತ್ತುಮಾಡುವುದು ವೈದ್ಯರ ಕೆಲಸ. ಮನೆಯವರ ಮಮತೆ ಗುಂಡಿಯನ್ನು ಮುಟ್ಟದಿರುವುದೇ ಲೇಸು. 2010ರಲ್ಲಿ ಪ್ರಕಟವಾದ ಟಾಸ್ಮೇನಿಯಾದ ಪ್ರಯೋಗವೊಂದರಲ್ಲಿ, ಆಂಬುಲೆನ್ಸಿನಲ್ಲಿ ಧಾರಾಳವಾಗಿ ಆಮ್ಲಜನಕ ಪಡೆದ ಸಿಒಪಿಡಿ ರೋಗಿಗಳಲ್ಲಿ ಶೇ. 9ರಷ್ಟು ಮಂದಿ ತೀರಿಕೊಂಡರೆ, ಅಳೆದು ಪಡೆದವರಲ್ಲಿ ತೀರಿಕೊಂಡವರು ಶೇ. 2 ಮಾತ್ರ.

ಹಾಗೆಂದು ಕಡಿಮೆ ಕೊಡುವುದೇ ಧರ್ಮ ಎನ್ನುವಂತಿಲ್ಲ. 1940ರ ದಶಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಸಾವಿರಾರು ಶಿಶುಗಳು ಅತಿ ಆಮ್ಲಜನಕದಿಂದ ದೃಷ್ಟಿ ಕಳೆದುಕೊಂಡವು. ಕಾರಣ ತಿಳಿದ ಮೇಲೆ 1950ರ ದಶಕದಲ್ಲಿ ವೈದ್ಯರು ಕೈ ಬಿಗಿಹಿಡಿದರು. ಕುರುಡುತನ ಇಳಿಯಿತು, ಶಿಶುಮರಣ ಏರಿತು. ಎರಡೂ ತಪ್ಪುಗಳು ನಡೆದದ್ದು ಸದುದ್ದೇಶದಿಂದಲೇ.

ಶಾಸ್ತ್ರಗಳು ಹೇಳುವ ಪ್ರಾಣ ಸಿಲಿಂಡರಿನಲ್ಲಿ ತುಂಬುವ ಅನಿಲವಲ್ಲ, ನಿಜ. ಆದರೂ ಯೋಗಶಾಸ್ತ್ರ ಉಸಿರಿಗೆ ಅಳತೆಯನ್ನು ಒಪ್ಪಿದೆ. ಪತಂಜಲಿ ಪ್ರಾಣಾಯಾಮವನ್ನು ದೇಶ, ಕಾಲ, ಸಂಖ್ಯೆಗಳಿಂದ ಗುರುತಿಸುತ್ತಾನೆ. ಸಿಂಹ, ಆನೆಗಳನ್ನು ಪಳಗಿಸುವಂತೆ ವಾಯುವನ್ನು ಮೆಲ್ಲಮೆಲ್ಲನೆ ವಶಮಾಡಿಕೊಳ್ಳದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬ ಎಚ್ಚರಿಕೆ ಹಠಯೋಗ ಪ್ರದೀಪಿಕೆಯಲ್ಲಿದೆ. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪ್ರೀಸ್ಟ್ಲಿಗೂ ಇದೇ ಅಳುಕು ಮೂಡಿತ್ತು. 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ ಅವನು, ಇದರಲ್ಲಿ ಮೇಣದಬತ್ತಿ ಬೇಗ ಉರಿದು ತೀರುವುದನ್ನು ನೋಡಿ, ಆರೋಗ್ಯವಂತನ ಆಯುಷ್ಯವೂ ಹಾಗೆಯೇ ಬೇಗ ತೀರಬಹುದೇ ಎಂದು ಶಂಕಿಸಿದ. ಪ್ರಾಣ ಅಮೂಲ್ಯ ಎನ್ನುವುದಕ್ಕೂ ಅಪರಿಮಿತವಾಗಿ ಕೊಡಬೇಕು ಎನ್ನುವುದಕ್ಕೂ ಸಂಬಂಧವಿಲ್ಲ. ದಯೆ ಗುರಿಯನ್ನು ತೋರಬಲ್ಲುದು, ಪ್ರಮಾಣವನ್ನಲ್ಲ.

ಒಬ್ಬನಿಗೆ ಎಷ್ಟು ಎಂಬುದು ಒಂದು ಪ್ರಶ್ನೆಯಾದರೆ, ಯಾರಿಗೆ ಎಂಬುದು ಇನ್ನೂ ಕಠಿಣ. ಕೋವಿಡ್ ಅಲೆಯ ನಡುವೆ, 2021ರ ಮೇ ಆರಂಭದಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ಸತ್ತರು. ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯದ ಆಮ್ಲಜನಕದ ದೈನಿಕ ಪಾಲನ್ನು 965 ಟನ್‌ಗಳಿಂದ 1,200 ಟನ್‌ಗಳಿಗೆ ಏರಿಸಲು ಕೇಂದ್ರಕ್ಕೆ ಆದೇಶಿಸಿತು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದ ಶ್ರೀಕೃಷ್ಣ ಪಾರಿಜಾತ ಎಂಬ ಜಾನಪದ ಆಟದ ಕಥೆಯಲ್ಲಿ ಕೃಷ್ಣನ ಮಡದಿಯರ ನಡುವಿನ ಒಂದು ಹೂವಿನ ಜಗಳ ಸ್ವರ್ಗದಿಂದ ಮರವನ್ನೇ ತಂದಾಗ ತೀರುತ್ತದೆ. ಆ ಮೇ ತಿಂಗಳಲ್ಲಿ ಹಾಗೆ ತರಲು ಮರವಿರಲಿಲ್ಲ. ಒಬ್ಬ ರೋಗಿಗೆ ಅಗತ್ಯ ಮೀರಿ ಹರಿದ ಪ್ರತಿ ಲೀಟರೂ ಪಕ್ಕದ ಹಾಸಿಗೆಯ ಪಾಲಿನದಾಗಿತ್ತು. ಅಳತೆ ಆಗ ನ್ಯಾಯದ ಮಾತೂ ಆಯಿತು.

ಇನ್ನೊಂದು ಪ್ರಶ್ನೆ ಯಾವಾಗ ನಿಲ್ಲಿಸುವುದು ಎಂಬುದು. ಅಂತ್ಯಕಾಲದಲ್ಲಿ ಮಾಸ್ಕ್ ತೆಗೆಯುವುದು ಕೊಲೆಗೆ ಸಮ ಎಂಬ ಭಯ ಅನೇಕ ಮನೆಗಳಲ್ಲಿದೆ. ಆದರೆ ಗುಣವಾಗದ ಕಾಯಿಲೆಯಿದ್ದು ರಕ್ತದಲ್ಲಿ ಆಮ್ಲಜನಕ ಸಾಕಷ್ಟಿರುವವರಿಗೆ ಕೊಟ್ಟ ಆಮ್ಲಜನಕ ಸಾದಾ ಗಾಳಿಗಿಂತ ಹೆಚ್ಚಿನ ಆರಾಮ ಕೊಡುವುದಿಲ್ಲ ಎಂದು 2010ರ ಇನ್ನೊಂದು ಅಧ್ಯಯನ ಕಂಡುಕೊಂಡಿದೆ. ಮುಖಕ್ಕೆ ಫ್ಯಾನಿನ ಗಾಳಿ ಬಿಟ್ಟರೂ ಏದುಸಿರು ಎಷ್ಟೋ ತಗ್ಗುತ್ತದೆ. ಮಾಸ್ಕ್ ಮಾತಿಗೂ ತುಳಸಿನೀರಿಗೂ ಅಡ್ಡ. ಮೂಗಿನ ನಳಿಕೆ ಹಾಗಲ್ಲ.

ಉಳಿದದ್ದು ಬೆಂಕಿ. ಆಮ್ಲಜನಕ ತಾನು ಉರಿಯುವುದಿಲ್ಲ, ಉರಿಯುವುದನ್ನೆಲ್ಲ ಕೆರಳಿಸುತ್ತದೆ. ಒಲೆ, ಬೀಡಿ, ಊದುಬತ್ತಿ, ಕರ್ಪೂರದಾರತಿ ರೋಗಿಯ ಕೋಣೆಗೆ ಬರಕೂಡದು. ವಾಲ್ವಿಗೆ ಎಣ್ಣೆ ಹಚ್ಚಕೂಡದು. ಸಿಲಿಂಡರನ್ನು ನೇರವಾಗಿ ನಿಲ್ಲಿಸಿ ಕಟ್ಟಬೇಕು. ಕರೆಂಟ್ ಹೋದರೆ ಯಂತ್ರ ನಿಲ್ಲುವುದರಿಂದ ಸಿಲಿಂಡರೊಂದು ಜೊತೆಗಿರಬೇಕು: 1,500 ಲೀಟರಿನದು ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರುತ್ತದೆ. ಹರಿವು ನಿಲ್ಲಿಸಿದ ಮೇಲೂ ಹೊದಿಕೆ, ಬಟ್ಟೆಗಳಲ್ಲಿ ಅನಿಲ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಕೋಣೆಯಲ್ಲಿ ದೀಪ ಹಚ್ಚಲೇಬೇಕಾದರೆ ಮೊದಲು ಹೊದಿಕೆ ಬದಲಿಸಿ, ಕಿಟಕಿ ತೆರೆದು ಗಾಳಿಯಾಡಲು ಬಿಡಬೇಕು.