ಭಯವೂ ಜುಗುಪ್ಸೆಯೂ: ಹಾರರ್ ಚಿತ್ರದ ಲಕ್ಷಣವೇನು?

ಭಯ ಹುಟ್ಟಿಸುವ ಚಲನಚಿತ್ರಗಳೆಲ್ಲ ಹಾರರ್ ಚಿತ್ರಗಳಾಗುವುದಿಲ್ಲ. ಯುದ್ಧದ ಚಿತ್ರದಲ್ಲಿಯೂ ಭಯವಿದೆ, ಕೊಲೆಯ ಪತ್ತೇದಾರಿ ಚಿತ್ರದಲ್ಲಿಯೂ ಇದೆ. ಆದರೂ ಅವುಗಳನ್ನು ನಾವು ಬೇರೆ ಹೆಸರಿನಿಂದ ಕರೆಯುತ್ತೇವೆ. ಹಾಗಾದರೆ ಈ ಪ್ರಕಾರವನ್ನು ಬೇರ್ಪಡಿಸುವ ಲಕ್ಷಣವಾವುದು?

ಅಮೆರಿಕದ ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರಲ್ ಅವರು 1990ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ವಿವೇಚಿಸಿದ್ದಾರೆ. ಅವರ ಪ್ರಕಾರ ಇಂದಿನ ವಿಜ್ಞಾನವು ಉಂಟೆಂದು ಒಪ್ಪದ ಒಂದು ಜೀವಿ ಅಲ್ಲಿರಬೇಕು. ಅದು ಅಪಾಯಕಾರಿಯಾಗಿಯೂ ಅಶುದ್ಧವಾಗಿಯೂ ತೋರಬೇಕು. ಅಂದರೆ ಭಯವೊಂದೇ ಸಾಲದು, ಹೇಸಿಗೆಯೂ ಬೆರೆಯಬೇಕು. ಹುಲಿಯನ್ನು ಕಂಡವನು ಹೆದರುತ್ತಾನೆ, ಹೇಸುವುದಿಲ್ಲ. ಗೋರಿಯಿಂದೆದ್ದು ಬರುವ ಕೊಳೆತ ಶವವನ್ನು ಕಂಡವನು ಎರಡನ್ನೂ ಮಾಡುತ್ತಾನೆ. ಭರತಮುನಿಯು ಭಯಾನಕ, ಬೀಭತ್ಸಗಳನ್ನು ಬೇರೆ ಬೇರೆ ರಸಗಳೆಂದು ಎಣಿಸಿದನು. ನಮ್ಮ ತತ್ತ್ವಾರ್ಥಸೂತ್ರವಾದರೋ ನೋಕಷಾಯಗಳನ್ನು ಹೇಳುವಾಗ ಭಯ, ಜುಗುಪ್ಸೆಗಳನ್ನು ಅಕ್ಕಪಕ್ಕದಲ್ಲಿಯೇ ಇರಿಸಿರುವುದನ್ನು ಸ್ವಾಧ್ಯಾಯನಿರತರು ಬಲ್ಲರು.

ಈ ಲಕ್ಷಣವನ್ನು ಒರೆಗೆ ಹಚ್ಚಲು ಟಾಡ್ ಬ್ರೌನಿಂಗ್ ನಿರ್ದೇಶಿಸಿದ 1932ರ 'ಫ್ರೀಕ್ಸ್' ಎಂಬ ಅಮೆರಿಕನ್ ಚಿತ್ರಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. ಮೇಳಗಳಲ್ಲಿ ಪ್ರದರ್ಶನಕ್ಕೆ ನಿಲ್ಲುತ್ತಿದ್ದ ಕುಬ್ಜರು, ಕೈಕಾಲಿಲ್ಲದವರು ಇದರಲ್ಲಿ ಸ್ವತಃ ನಟಿಸಿದ್ದಾರೆ. ಅದು ಬಣ್ಣ ವೇಷಗಳಿಂದ ಮಾಡಿದ್ದಲ್ಲ. ಬ್ರಿಟನ್ನಿನಲ್ಲಿ ಸುಮಾರು 30 ವರ್ಷ ಈ ಚಿತ್ರಕ್ಕೆ ನಿಷೇಧವಿತ್ತು. ಆದರೆ ಚಿತ್ರದ ಬಹುಭಾಗದಲ್ಲಿ ಕಾಣುವುದು ಇವರ ದಿನನಿತ್ಯದ ಬಾಳು. ತೋಳಿಲ್ಲದ ಹೆಂಗಸು ಪಾದದಿಂದಲೇ ಉಣ್ಣುತ್ತಾಳೆ. ಕೈಕಾಲಿಲ್ಲದ ಗಂಡಸು ಬಾಯಿಯಿಂದಲೇ ಕಡ್ಡಿ ಗೀರಿ ಸಿಗರೇಟು ಹೊತ್ತಿಸುತ್ತಾನೆ. ನೋಡುತ್ತ ನೋಡುತ್ತ ನಮ್ಮ ಹೇಸಿಗೆ ಕರಗುತ್ತದೆ. ಆಸ್ತಿಯ ಆಸೆಗೆ ಕುಬ್ಜ ಹ್ಯಾನ್ಸ್‌ನನ್ನು ಮದುವೆಯಾಗಿ ವಿಷವಿಕ್ಕುವವಳು ಸರ್ವಾಂಗಸುಂದರಿ ಕ್ಲಿಯೋಪಾತ್ರ. ಕೊನೆಗೆ ಮಳೆ ಸುರಿಯುವ ರಾತ್ರಿಯಲ್ಲಿ ಅದೇ ಜನ ಚೂರಿ ಹಿಡಿದು ಕೆಸರಿನಲ್ಲಿ ತೆವಳುತ್ತ ಬರುತ್ತಾರೆ. ಆಗ ಪ್ರೇಕ್ಷಕನು ನಡುಗುತ್ತಾನೆ.

ವಿಜ್ಞಾನ ಒಪ್ಪದ ಜೀವಿ ಇಲ್ಲಿ ಒಂದೂ ಇಲ್ಲ. ಜನರು ಅವರೇ, ದೇಹಗಳೂ ಅವೇ. ಬದಲಾದದ್ದು ಕತ್ತಲೆ, ಮಳೆ, ಚೂರಿ ಮತ್ತು ಕ್ಯಾಮರಾದ ನೋಟ. ಆದುದರಿಂದ ಕ್ಯಾರಲ್ ಅವರ ಲಕ್ಷಣದಲ್ಲಿ ಅರ್ಧವನ್ನು ಮಾತ್ರ ಒಪ್ಪಬಹುದೆಂದು ನನ್ನ ಅಭಿಪ್ರಾಯ. ಭಯ ಜುಗುಪ್ಸೆಗಳ ಬೆರಕೆ ನಿಜ. ಆದರೆ ಜುಗುಪ್ಸೆಯು ಕಾಣುವ ವಸ್ತುವಿನ ಗುಣವಲ್ಲ, ಕಾಣುವವನೊಳಗಿನ ನೋಕಷಾಯ. ನಿರ್ದೇಶಕನು ಅದನ್ನು ನಮ್ಮಿಂದಲೇ ಕಡ ಪಡೆದು ತನಗೆ ಬೇಕಾದವರ ಲೆಕ್ಕಕ್ಕೆ ಬರೆಯುತ್ತಾನೆ. (ವ್ಯಾಪಾರಿಗೆ ಬೇರೆ ಉಪಮೆ ತೋಚದು.) ಪ್ರೇತದ ಲೆಕ್ಕಕ್ಕೆ ಬರೆದರೆ ಯಾರಿಗೂ ನಷ್ಟವಿಲ್ಲ. ಬದುಕಿರುವ ಮನುಷ್ಯರ ಲೆಕ್ಕಕ್ಕೆ ಬರೆದರೆ, ಚಿತ್ರಮಂದಿರದಿಂದ ಹೊರಬಂದವನು ಬೀದಿಯಲ್ಲಿ ಅಂಥದೇ ದೇಹದ ಒಬ್ಬನನ್ನು ಕಂಡಾಗ ಆ ಬಾಕಿಯನ್ನು ಯಾರಿಂದ ವಸೂಲು ಮಾಡುತ್ತಾನೆ?

ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನನ್ನು ಹೆಸರಿಸುತ್ತದೆ. ಕುಷ್ಠರೋಗಿಯಾದ ಮುನಿಯ ರೂಪದಲ್ಲಿ ಪರೀಕ್ಷಿಸಲು ಬಂದ ದೇವನು ಉಂಡ ಆಹಾರವನ್ನೆಲ್ಲ ಕಾರಿಕೊಂಡಾಗ, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿದ್ದಿತೇನೋ ಎಂದು ಮರುಗುತ್ತ ರಾಜನು ಅದನ್ನು ತೊಳೆದನೆಂಬುದು ಕಥೆ. ಆ ಮುನಿಯನ್ನೇ ಕತ್ತಲೆಯಲ್ಲಿ, ಮುಖದ ಕೆಳಗಿನಿಂದ ಬೆಳಕು ಬಿಟ್ಟು ತೆರೆಯ ಮೇಲೆ ತೋರಿಸಿದ್ದರೆ ಅದೂ ಹಾರರ್ ಚಿತ್ರದ ಒಂದು ದೃಶ್ಯವೇ ಆಗುತ್ತಿತ್ತು.