ಆ ಬೀದಿಯವರನ್ನು ಕೇಳಿ

ಕಳೆದ ತಿಂಗಳು ಬಸರಾಳಿನಲ್ಲಿ ಬಸ್ಸಿಳಿದಾಗ ನನ್ನ ಬಳಿ ಇದ್ದದ್ದು ಒಂದು ಹೆಸರು ಮಾತ್ರ, ಹಳೆಯ ಶಿಷ್ಯನೊಬ್ಬನ ಹೆಸರು. ಮನೆ ಗುಡಿಯ ಹತ್ತಿರ ಎಂದು ಅವನೇ ಎಂದೋ ಹೇಳಿದ್ದ ನೆನಪು. ಹೆಸರೊಂದಿದ್ದರೆ ಊರಿನಲ್ಲಿ ಯಾರಾದರೂ ತೋರಿಸಿಯಾರು ಎಂಬ ಧೈರ್ಯದಿಂದ ಹೊರಟಿದ್ದೆ.

ಟೀ ಅಂಗಡಿಯವರನ್ನು ಕೇಳಿದೆ. "ಆ ಹೆಸರಿನೋರು ನಂಗೊತ್ತಿಲ್ಲ ಸ್ವಾಮಿ. ಗುಡಿ ಹತ್ರ ಅಂದ್ರಲ್ಲ, ಆ ಬೀದಿಯೋರ್ನ ಕೇಳಿ" ಎಂದರು. ಗುಡಿಯೆಂದರೆ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯ. ಎರಡನೆಯ ವೀರನರಸಿಂಹನ ದಂಡನಾಯಕ ಹರಿಹರನು 1234ರ ಸುಮಾರಿಗೆ ಕಟ್ಟಿಸಿದ್ದು. ದಂಡನಾಯಕನ ಹೆಸರು ಇಂದಿಗೂ ಉಳಿದಿದೆ. ಅವನ ಮನೆ ಎಲ್ಲಿತ್ತೆಂದು ಕೇಳಿದರೆ ಹೇಳುವವರು ಯಾರು? ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಅವರ ದೊಡ್ಡಪ್ಪ ಆ ಮೂಲೆ ಮನೇಲವ್ರೆ, ಅವರ್ನೇ ಕೇಳಿ" ಎಂದರು. ದೊಡ್ಡಪ್ಪ ಹೊರಗೆ ಬಂದು ಕೈ ತೋರಿಸಿದರು: "ಹಳೇ ಮನೇಲಿಲ್ಲ ಈಗ. ತೋಟದ ತಾವ ಹೊಸ ಮನೆ ಕಟ್ಕೊಂಡವ್ನೆ."

ಮೂವರಲ್ಲಿ ಮೊದಲಿನ ಇಬ್ಬರಿಗೆ ಉತ್ತರ ತಿಳಿದಿರಲಿಲ್ಲ. ಆದರೂ ಅವರಿಲ್ಲದೆ ನಾನು ಮೂರನೆಯವರನ್ನು ಮುಟ್ಟುತ್ತಿರಲಿಲ್ಲ.

ತೋಟದ ಕಡೆ ನಡೆಯುತ್ತಿದ್ದಾಗ, ನಮ್ಮ ಕಾಲೇಜಿನಲ್ಲಿ ಗಣಕಶಾಸ್ತ್ರ ಬೋಧಿಸುವ ಮಿತ್ರರೊಬ್ಬರು ಹಿಂದೊಮ್ಮೆ ವಿವರಿಸಿದ್ದ ಸಂಗತಿ ನೆನಪಾಯಿತು. ಅಂತರಜಾಲದಲ್ಲಿ ನಾವು ಪತ್ರಿಕೆಯದೋ ಬ್ಯಾಂಕಿನದೋ ಹೆಸರನ್ನು ಒತ್ತುತ್ತೇವೆ. ಯಂತ್ರಕ್ಕೆ ಹೆಸರಿನಿಂದ ಪ್ರಯೋಜನವಿಲ್ಲ, ಅಂಕಿಯ ವಿಳಾಸ ಬೇಕು: ಸೊನ್ನೆಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳ ಸಾಲು, ಈಗ ಅದಕ್ಕಿಂತ ಉದ್ದದವೂ ಬಂದಿವೆ. ಮೊದಮೊದಲು ಈ ಹೆಸರು ವಿಳಾಸಗಳೆಲ್ಲ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆಯಲ್ಲಿ ಒಂದೇ ಪಟ್ಟಿಯಲ್ಲಿದ್ದವು. ಉಳಿದವರು ಅದನ್ನೇ ನಕಲು ಮಾಡಿಕೊಳ್ಳಬೇಕಿತ್ತು. ಊರು ಬೆಳೆಯಿತು, ಶಾನುಭೋಗರ ಒಂದು ಕಡತ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಬೇರೆ ದಾರಿ ಹುಡುಕಿದರು. ಎಲ್ಲವನ್ನೂ ಬಲ್ಲವನು ಒಬ್ಬನೂ ಬೇಡ. ಯಾರನ್ನು ಕೇಳಬೇಕೆಂದು ಬಲ್ಲವರು ಸಾಲಾಗಿ ಇದ್ದರೆ ಸಾಕು.

ನಮ್ಮ ಪರವಾಗಿ ವಿಚಾರಿಸಿಕೊಂಡು ಬರಲು ಒಂದು ಯಂತ್ರವಿರುತ್ತದೆ. ಅಂಚೆಯವರು ಲಕೋಟೆಯ ಕೊನೆಯ ಸಾಲನ್ನು ಮೊದಲು ನೋಡುವಂತೆ, ಅದು ಹೆಸರನ್ನು ಬಾಲದಿಂದ ಓದುತ್ತದೆ. ಬುಡದಲ್ಲಿ 13 ಹೆಸರುಗಳಿಂದ ಕರೆಸಿಕೊಳ್ಳುವ ಮೂಲ ಯಂತ್ರಗಳಿವೆ, ಅವುಗಳ ಪ್ರತಿಗಳು ಲೋಕದ ನಾನಾ ಕಡೆ ಇವೆ. ಹೆಸರು 'ಇನ್' ಎಂದು ಮುಗಿದರೆ ಅವು ಹೇಳುವುದಿಷ್ಟೇ: "ನನಗೆ ಗೊತ್ತಿಲ್ಲ, ಭಾರತದ ಹೆಸರುಗಳನ್ನು ಬಲ್ಲವರು ಇಂತಲ್ಲಿದ್ದಾರೆ." ಅಲ್ಲಿಗೆ ಹೋದರೆ, "ಆ ಮನೆಯ ಲೆಕ್ಕ ಇಡುವವರು ಇಂತಲ್ಲಿದ್ದಾರೆ." ಕೊನೆಗೆ ಮನೆಯವರ ಬಾಯಿಂದಲೇ ವಿಳಾಸ ಸಿಗುತ್ತದೆ. ಈಗ ಕನ್ನಡ ಲಿಪಿಯಲ್ಲೇ 'ಭಾರತ' ಎಂದು ಮುಗಿಯುವ ಹೆಸರುಗಳೂ ಉಂಟು. ಒಳಗೆ ಮಾತ್ರ ಅವು ರೋಮನ್ ಅಕ್ಷರದ ವೇಷ ಹಾಕಿಕೊಂಡೇ ಓಡಾಡುತ್ತವೆ.

ಪ್ರತಿ ಸಲವೂ ಇಷ್ಟು ಅಲೆದರೆ ಕೆಲಸ ಸಾಗದು. ಆದ್ದರಿಂದ ವಿಚಾರಿಸಿ ಬಂದ ಯಂತ್ರ ಉತ್ತರವನ್ನು ನೆನಪಿಟ್ಟುಕೊಂಡು, ಮತ್ತೆ ಕೇಳಿದವರಿಗೆ ಅದನ್ನೇ ಹೇಳುತ್ತದೆ. ಆದರೆ ಉತ್ತರದ ಜೊತೆಗೇ ಅದರ ಆಯುಸ್ಸೂ ಬರೆದಿರುತ್ತದೆ. 3600 ಸೆಕೆಂಡು ಎಂದಿದ್ದರೆ ಒಂದು ಗಂಟೆ, 86400 ಎಂದಿದ್ದರೆ ಒಂದು ದಿನ. ಆ ಅವಧಿಯನ್ನು ಗೊತ್ತುಮಾಡುವವನು ಹೆಸರಿನ ಒಡೆಯ, ನೆನಪಿಟ್ಟುಕೊಂಡವನಲ್ಲ. ಅವಧಿ ಮುಗಿದರೆ ನೆನಪನ್ನು ಬಿಟ್ಟು ಮತ್ತೆ ಹೋಗಿ ಕೇಳಬೇಕು.

ಈ ನೆನಪಿನೊಳಗೆ ಸುಳ್ಳು ಉತ್ತರವನ್ನು ಸುಲಭವಾಗಿ ತುರುಕಬಹುದೆಂದು 2008ರಲ್ಲಿ ಡ್ಯಾನ್ ಕಮಿನ್ಸ್ಕಿ ಎಂಬ ತಜ್ಞರು ತೋರಿಸಿದಾಗ ದೊಡ್ಡ ಗಾಬರಿಯಾಯಿತು, ಎಲ್ಲೆಡೆ ದುರಸ್ತಿ ನಡೆಯಿತು. ಉತ್ತರಕ್ಕೆ ರುಜು ಹಾಕುವ ಪದ್ಧತಿ 2010ರಲ್ಲಿ ಬುಡಕ್ಕೂ ಬಂತು. ಹೀಗೆ ಸುಳ್ಳನ್ನು ಹಿಡಿಯಲು ಉಪಾಯಗಳುಂಟು. ಆದರೆ ಸುಳ್ಳಲ್ಲದ, ಹಳಸಿದ ನಿಜವನ್ನು ಹೇಳುವವನನ್ನು ಹಿಡಿಯುವುದು ಹೇಗೆ? ಕೇಳುತ್ತಿರುವುದು ಏಕೆಂದರೆ, ನಾನೇ ಅಂಥವನು.

ಹಿಂದಿನ ವರ್ಷ ಯಾರೋ ಫೋನು ಮಾಡಿ, "ಹುಡುಗ ನಿಮ್ಮ ಶಿಷ್ಯನಂತೆ, ಹೆಣ್ಣು ಕೊಡಬಹುದೆ?" ಎಂದು ಕೇಳಿದ್ದರು. ನನಗೆ ತಕ್ಷಣ ನೆನಪಾದದ್ದು ತರಗತಿ ತಪ್ಪಿಸಿ ಇಸ್ಪೀಟು ಆಡುತ್ತಿದ್ದ ಹತ್ತೊಂಬತ್ತರ ಹುಡುಗ. "ಬುದ್ಧಿವಂತ, ಆದರೆ ನೆಚ್ಚಿಕೊಳ್ಳುವಂತಿಲ್ಲ" ಎಂದುಬಿಟ್ಟೆ. ಸಂಬಂಧ ಮುರಿಯಿತು. ಒಕ್ಕಲು ಮಕ್ಕಳಿಗೆ ಹೆಣ್ಣು ಸಿಗುವುದು ದುರ್ಲಭವಾಗಿ, ಮದುವೆಯಾಗದ ಯುವಕರು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟ ಸೀಮೆ ಇದು. ಆ ಹುಡುಗ ಓದು ಬಿಟ್ಟು, ಹಾಸಿಗೆ ಹಿಡಿದ ತಂದೆಯನ್ನೂ ಸಾಲದಲ್ಲಿದ್ದ ಜಮೀನನ್ನೂ ಹದಿನೈದು ವರ್ಷ ಒಬ್ಬನೇ ನೋಡಿಕೊಂಡ ಸಂಗತಿ ನನಗೆ ತಿಳಿದದ್ದು ಆಮೇಲೆ.

ಹಾಗಾದರೆ ನಾನು ಸುಮ್ಮನಿರಬೇಕಿತ್ತೆ? ಇಂಥ ಪ್ರಶ್ನೆಗೆ ಮೌನವೂ ಒಂದು ಉತ್ತರವಾಗಿಬಿಡುತ್ತದೆ, ಒಳ್ಳೆಯ ಉತ್ತರವಂತೂ ಅಲ್ಲ. ನೆನಪಿನಿಂದ ಮಾತಾಡಲೇ ಬಾರದೆಂದರೆ ಸಂಸಾರ ನಡೆಯುವುದಿಲ್ಲ. ಕಂಡದ್ದನ್ನೆಲ್ಲ ದಿನವೂ ಹೊಸದಾಗಿ ವಿಚಾರಿಸಲು ಯಾರಿಗೆ ಪುರಸತ್ತು? ಕೆಲಸಕ್ಕೆ ಸೇರಿಸಿಕೊಳ್ಳುವವರು, ಸಾಲ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಎಲ್ಲರೂ ಇನ್ನೊಬ್ಬರ ನೆನಪನ್ನೇ ನಂಬಿ ನಡೆಯುತ್ತಾರೆ. ನೆನಪಿಟ್ಟುಕೊಂಡದ್ದು ನನ್ನ ತಪ್ಪಲ್ಲ. ಇಪ್ಪತ್ತು ವರ್ಷದ ಹಿಂದಿನ ಉತ್ತರವನ್ನು ಈ ಬೆಳಗಿನದೆಂಬಂತೆ ಕೊಟ್ಟದ್ದು ತಪ್ಪು. "ಈಗ ಹೇಗೋ ಅರಿಯೆ, ಅವನ ಊರಿನವರನ್ನು ಕೇಳಿ" ಎಂದಿದ್ದರೆ ಸಾಕಿತ್ತು. ಟೀ ಅಂಗಡಿಯವರು ಸಲೀಸಾಗಿ ಆಡಿದ ಮಾತು, ತಿಳಿದವನೆಂದು ಸಂಬಳ ತೆಗೆದುಕೊಳ್ಳುವ ನನ್ನ ಬಾಯಿಗೆ ಬರಲಿಲ್ಲ.

ಹೊಸ ಮನೆಯ ಜಗಲಿಯ ಮೇಲೆ ಕುಳಿತು ಅವನಿಗೆ ಎಲ್ಲವನ್ನೂ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಕಾಫಿ ತಂದುಕೊಟ್ಟು, "ಬಿಡಿ ಸಾರ್, ನೀವು ಹೇಳಿದ್ದು ಆಗ ನಿಜಾನೇ ಅಲ್ವಾ?" ಎಂದ.

'ಆಗ' ಎಂಬ ಆ ಎರಡಕ್ಷರ ನನ್ನ ಉತ್ತರದಲ್ಲಿ ಇರಲಿಲ್ಲ.